ತಂತ್ರಾಂಶ ಹೋದರೂ ಹೆಸರು ಉಳಿಯಲಿ: ದೊಡ್ಡ ಫೋಟೊ ಸಂಗ್ರಹವನ್ನು ಜೋಡಿಸಿಡುವ ಕ್ರಮ

ಡಿಜಿಟಲ್ ಕ್ಯಾಮೆರಾ ಮತ್ತು ಮೊಬೈಲನ್ನು ಹದಿನೈದು ಇಪ್ಪತ್ತು ವರ್ಷಗಳಿಂದ ಬಳಸುತ್ತ ಬಂದಿರುವ ಮನೆಯೊಂದರಲ್ಲಿ ಇಂದು ಹತ್ತಾರು ಸಾವಿರ ಫೋಟೊಗಳಿರುವುದು ಅಚ್ಚರಿಯೇನಲ್ಲ. ಅವನ್ನು ಒಂದು ಕ್ರಮಕ್ಕೆ ತರಲು ಹೊರಟವರೆಲ್ಲರೂ ಒಂದಲ್ಲ ಒಂದು ದಿನ ತಂತ್ರಾಂಶದ ಮೇಲೆ ಬೇಸರಪಡುತ್ತಾರೆ. ಒಂದೇ ಚಿತ್ರ ನಾಲ್ಕು ಕಡೆ ಕಾಣಿಸುತ್ತದೆ, ಮದುವೆಯ ಫೋಟೊಗಳು ನಾಂದಿಗಿಂತ ಮೊದಲೇ ಬಂದು ಕುಳಿತಿರುತ್ತವೆ, ಅಕ್ಕನ ಮುಖಕ್ಕೆ ತಂಗಿಯ ಹೆಸರು ಅಂಟಿಕೊಳ್ಳುತ್ತದೆ. ಇವೆಲ್ಲ ತಾಳ್ಮೆಯಿಂದ ತಿದ್ದಿಕೊಳ್ಳಬಹುದಾದ ತೊಂದರೆಗಳು. ಆದರೆ ವರ್ಷಗಟ್ಟಲೆ ಕುಳಿತು ಬರೆದ ಹೆಸರುಗಳು, ಅಡಿಬರಹಗಳು, ಆಲ್ಬಂಗಳು ತಂತ್ರಾಂಶದ ಜೊತೆಗೇ ಕಣ್ಮರೆಯಾದರೆ ಅದನ್ನು ತಿದ್ದಿಕೊಳ್ಳುವ ದಾರಿಯೇ ಇರುವುದಿಲ್ಲ. ಈ ಬರಹದ ಮುಖ್ಯ ಕಾಳಜಿ ಆ ನಷ್ಟವನ್ನು ತಪ್ಪಿಸುವುದು. ಉಳಿದ ತೊಂದರೆಗಳನ್ನು ದಾರಿಯಲ್ಲಿ ಬಂದ ಹಾಗೆ ನೋಡೋಣ.

ಇದು ಕಲ್ಪಿತ ಭಯವಲ್ಲ. ಗೂಗಲ್ 2004 ರಲ್ಲಿ ಕೊಂಡುಕೊಂಡು ಉಚಿತವಾಗಿ ಹಂಚಿದ ಪಿಕಾಸಾ ಎಂಬ ಫೋಟೊ ತಂತ್ರಾಂಶ ನಮ್ಮಲ್ಲಿ ಅಸಂಖ್ಯ ಮನೆಗಳ ಕಂಪ್ಯೂಟರುಗಳಲ್ಲಿತ್ತು. 2016 ರ ಮಾರ್ಚ್ ತಿಂಗಳಲ್ಲಿ ಅದಕ್ಕೆ ಬೆಂಬಲ ನಿಂತಿತು. ವೃತ್ತಿಪರರೂ ಮೆಚ್ಚಿದ್ದ ಆಪಲ್‌ನ ಅಪರ್ಚರ್ ತಂತ್ರಾಂಶದ ಅಭಿವೃದ್ಧಿ ನಿಲ್ಲುವುದೆಂದು 2014 ರಲ್ಲಿ ಪ್ರಕಟವಾಯಿತು, 2019 ರಲ್ಲಿ ಬಂದ ಮ್ಯಾಕ್ ಕಾರ್ಯವ್ಯವಸ್ಥೆಯಲ್ಲಿ ಅದು ಓಡಲೇ ಇಲ್ಲ. ಮೈಕ್ರೋಸಾಫ್ಟ್‌ನ ವಿಂಡೋಸ್ ಫೋಟೊ ಗ್ಯಾಲರಿಗೆ 2017 ರ ಜನವರಿಯಲ್ಲಿ ಬೆಂಬಲ ಮುಗಿಯಿತು. ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ 2014 ರ ಸೆಪ್ಟೆಂಬರ್ 30 ರಂದು ಮುಚ್ಚಿತು. 2015 ರಲ್ಲಿ ಮಿತಿಯಿಲ್ಲದ ಉಚಿತ ಜಾಗದೊಂದಿಗೆ ಆರಂಭವಾದ ಗೂಗಲ್ ಫೋಟೋಸ್ 2021 ರ ಜೂನ್ 1 ರಿಂದ ಆ ಸೌಲಭ್ಯವನ್ನು ನಿಲ್ಲಿಸಿ, ಇಮೇಲ್ ಮತ್ತು ಡ್ರೈವ್ ಕೂಡ ಸೇರಿದ 15 ಜಿಬಿಯ ಲೆಕ್ಕದೊಳಗೆ ಫೋಟೊಗಳನ್ನು ತಂದಿತು. ಇವುಗಳಲ್ಲಿ ಬಹುಪಾಲು ಸಂದರ್ಭಗಳಲ್ಲಿ ಫೋಟೊಗಳು ಉಳಿದವು, ಅವುಗಳ ಮೇಲೆ ಮಾಡಿದ ಕೆಲಸ ಉಳಿಯಲಿಲ್ಲ.

ಮಾಹಿತಿ ಎಲ್ಲಿ ಕೂತಿದೆ ಎಂಬುದನ್ನು ಮೊದಲು ತಿಳಿಯಿರಿ

ಒಂದು ಫೋಟೊದ ಬಗೆಗಿನ ಮಾಹಿತಿ ಮೂರು ಜಾಗಗಳಲ್ಲಿ ಇರಬಹುದು. ಮೊದಲನೆಯದು ಫೋಟೊದ ಕಡತದ ಒಳಗೆ: ಕ್ಯಾಮೆರಾ ಬರೆಯುವ ದಿನಾಂಕ, ಲೆನ್ಸ್, ಸ್ಥಳ ಮುಂತಾದ ವಿವರಗಳಿಗೆ ಎಕ್ಸಿಫ್ ಎಂಬ ವಿಭಾಗವಿದೆ, ಸುದ್ದಿಸಂಸ್ಥೆಗಳ ಬಳಕೆಗಾಗಿ ರೂಪುಗೊಂಡ ಐಪಿಟಿಸಿ ಎಂಬ ವಿಭಾಗವಿದೆ, 2001 ರಲ್ಲಿ ಅಡೋಬಿ ಹೊರತಂದು, 2012 ರಲ್ಲಿ ಅಂತರರಾಷ್ಟ್ರೀಯ ಐಎಸ್‌ಒ ಮಾನಕವಾದ ಎಕ್ಸ್‌ಎಂಪಿ ಎಂಬ ವಿಭಾಗವಿದೆ. ಎರಡನೆಯದು ಫೋಟೊದ ಪಕ್ಕದಲ್ಲೇ, ಅದೇ ಹೆಸರಿನಲ್ಲಿ ಕುಳಿತ ಒಂದು ಚಿಕ್ಕ ಎಕ್ಸ್‌ಎಂಪಿ ಕಡತದಲ್ಲಿ. ಇದನ್ನು ಸೈಡ್‌ಕಾರ್ ಎನ್ನುತ್ತಾರೆ. ಮೂರನೆಯದು ತಂತ್ರಾಂಶದ ಸ್ವಂತ ಡೇಟಾಬೇಸಿನಲ್ಲಿ. ಅಡೋಬಿಯ ಫೋಟೊ ತಂತ್ರಾಂಶವಾದ ಲೈಟ್‌ರೂಮ್‌ನ ಕ್ಯಾಟಲಾಗ್, ಆಪಲ್ ಫೋಟೋಸ್‌ನ ಲೈಬ್ರರಿ, ಗೂಗಲ್‌ನ ಸರ್ವರ್ ಇವೆಲ್ಲ ಈ ಮೂರನೆಯ ಬಗೆ.

ಮೊದಲ ಎರಡು ಜಾಗಗಳಲ್ಲಿರುವ ಮಾಹಿತಿಯನ್ನು ಯಾವ ತಂತ್ರಾಂಶ ಬೇಕಾದರೂ ಓದಬಲ್ಲದು. ಮೂರನೆಯ ಜಾಗದ್ದನ್ನು ಆ ಒಂದು ತಂತ್ರಾಂಶ ಮಾತ್ರ ಸುಲಭವಾಗಿ ಓದುತ್ತದೆ. ಪಿಕಾಸಾ ತನ್ನ ತಿದ್ದುಪಡಿಗಳನ್ನೂ ಮುಖಗಳ ಗುರುತನ್ನೂ ಪ್ರತಿ ಫೋಲ್ಡರಿನಲ್ಲಿ ಒಂದು ಅಡಗಿದ ಐಎನ್ಐ ಕಡತವಾಗಿ ಬರೆಯುತ್ತಿತ್ತು. ಹೊಸ ಕಂಪ್ಯೂಟರಿಗೆ ಫೋಟೊಗಳನ್ನು ಮಾತ್ರ ಆಯ್ದು ನಕಲಿಸಿದವರ ಕೈಯಲ್ಲಿ ಆ ಅಡಗಿದ ಕಡತಗಳು ಹಿಂದೆಯೇ ಉಳಿದುಹೋದವು. ಹಳೆಯ ಹಾರ್ಡ್ ಡಿಸ್ಕ್ ಇನ್ನೂ ನಿಮ್ಮ ಬೀರುವಿನಲ್ಲಿದ್ದರೆ ಅದನ್ನು ಎಸೆಯುವ ಮೊದಲು ಅಡಗಿದ ಕಡತಗಳನ್ನು ಕಾಣುವಂತೆ ಮಾಡಿ, ಫೋಲ್ಡರುಗಳನ್ನು ಇಡಿಯಾಗಿ ನಕಲು ತೆಗೆದಿಟ್ಟುಕೊಳ್ಳಿ.

ಹೀಗಾಗಿ ತಂತ್ರಾಂಶವನ್ನು ಆರಿಸುವಾಗ ಅದರ ಅಂದಚಂದ, ವೇಗ, ಸೌಲಭ್ಯಗಳ ಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಾನು ಬರೆದದ್ದನ್ನು ಇದು ಎಲ್ಲಿ ಇಡುತ್ತದೆ? ಉತ್ತರಕ್ಕೆ ಜಾಹೀರಾತನ್ನು ನಂಬಬೇಕಿಲ್ಲ, ಅರ್ಧ ಗಂಟೆಯಲ್ಲಿ ನೀವೇ ಪರೀಕ್ಷಿಸಬಹುದು. ಐದಾರು ಫೋಟೊಗಳ ನಕಲನ್ನು ಒಂದು ಖಾಲಿ ಫೋಲ್ಡರಿಗೆ ಹಾಕಿ. ಅವುಗಳಲ್ಲಿ ಒಂದು ಜೆಪೆಗ್, ಒಂದು ಐಫೋನಿನ ಹೆಚ್‌ಇಐಸಿ, ಇದ್ದರೆ ಒಂದು ರಾ ಕಡತ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಚಿತ್ರ) ಇರಲಿ. ಪರೀಕ್ಷಿಸಬೇಕಾದ ತಂತ್ರಾಂಶದಲ್ಲಿ ಒಂದಕ್ಕೆ ಕನ್ನಡದಲ್ಲಿ ಅಡಿಬರಹ ಬರೆಯಿರಿ, ಒಂದರ ದಿನಾಂಕ ಬದಲಿಸಿ, ಒಂದಕ್ಕೆ ನಕ್ಷತ್ರಗಳ ಶ್ರೇಣಿ ಕೊಡಿ, ಒಂದು ಮುಖಕ್ಕೆ ಹೆಸರು ಕೊಡಿ, ಒಂದನ್ನು ಆಲ್ಬಮ್ಮಿಗೆ ಸೇರಿಸಿ. ಬಳಿಕ ಆ ಫೋಲ್ಡರನ್ನು ಬೇರೊಂದು ಕಂಪ್ಯೂಟರಿಗೆ ಒಯ್ದು, ಬೇರೆಯೇ ತಂತ್ರಾಂಶದಲ್ಲಿ ತೆರೆದು ನೋಡಿ. ಬದುಕಿ ಬಂದದ್ದು ನಿಮ್ಮದು, ಬಾರದೆ ಉಳಿದದ್ದು ತಂತ್ರಾಂಶದ್ದು. ಆಲ್ಬಂಗಳು ಬಹುತೇಕ ಎಲ್ಲಿಯೂ ಬದುಕಿ ಬರುವುದಿಲ್ಲ. ಆದ್ದರಿಂದ ಉಳಿಯಬೇಕಾದ ಗುಂಪುಗಳನ್ನು ಆಲ್ಬಂ ಬದಲು ಟ್ಯಾಗ್ (ಫೋಟೊಗೆ ಅಂಟಿಸುವ ಗುರುತುಪದ) ರೂಪದಲ್ಲಿ ದಾಖಲಿಸುವುದು ಕ್ಷೇಮ.

ಮನೆಬಳಕೆಗೆ ನಾನು ಒತ್ತಿ ಹೇಳುವುದು ಡಿಜಿಕ್ಯಾಮ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು. ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯದವರು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸಿಕೊಂಡು ಬಂದಿರುವ ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇದರ ಮುಖಚಹರೆ ಹಳೆಯ ಕಾಲದ್ದು, ಆಯ್ಕೆಗಳ ಪುಟಗಳು ತಲೆ ತಿರುಗಿಸುವಷ್ಟಿವೆ, ಹಾಗಿದ್ದರೂ ಅಡಿಬರಹ, ಟ್ಯಾಗ್, ಶ್ರೇಣಿ, ಮುಖದ ಹೆಸರು ಎಲ್ಲವನ್ನೂ ಕಡತದೊಳಗೆ ಅಥವಾ ಸೈಡ್‌ಕಾರಿನಲ್ಲಿ ಬರೆಯುವ ಆಯ್ಕೆ ಇದರಲ್ಲಿದೆ. ಆರಂಭದಲ್ಲೇ ಸೆಟ್ಟಿಂಗ್ಸ್‌ನ ಮೆಟಾಡೇಟಾ (ಫೋಟೊದ ಬಗೆಗಿನ ಮಾಹಿತಿ) ಪುಟಕ್ಕೆ ಹೋಗಿ ಯಾವ್ಯಾವ ಮಾಹಿತಿಯನ್ನು ಬರೆಯಬೇಕೆಂದು ಒಂದೊಂದಾಗಿ ಗುರುತು ಹಾಕಿ. ಲೈಟ್‌ರೂಮ್ ಕ್ಲಾಸಿಕ್ ಬಳಸುವವರು ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಬದಲಾವಣೆಗಳನ್ನು ತಾನಾಗಿ ಎಕ್ಸ್‌ಎಂಪಿಗೆ ಬರೆಯುವ ಆಯ್ಕೆಯನ್ನು ಆನ್ ಮಾಡಬೇಕು. ಮಾಡದಿದ್ದರೆ ಎಲ್ಲವೂ ಕ್ಯಾಟಲಾಗಿನಲ್ಲಷ್ಟೇ ಇರುತ್ತದೆ. ಮಾಡಿದರೂ ಕಲೆಕ್ಷನ್‌ಗಳು (ಅದರ ಆಲ್ಬಂಗಳು), ವರ್ಚುವಲ್ ಕಾಪಿಗಳು (ಕಡತವಿಲ್ಲದೆ ಕ್ಯಾಟಲಾಗಿನಲ್ಲಷ್ಟೇ ಇರುವ ಪ್ರತಿಗಳು) ಕ್ಯಾಟಲಾಗ್ ಬಿಟ್ಟು ಹೊರಬರುವುದಿಲ್ಲ. ಆಪಲ್ ಫೋಟೋಸ್ ಬಳಸುವವರು ಮೂಲ ಪ್ರತಿಗಳನ್ನು ಎಕ್ಸ್‌ಪೋರ್ಟ್ ಮಾಡುವಾಗ ಐಪಿಟಿಸಿ ಮಾಹಿತಿಯನ್ನು ಎಕ್ಸ್‌ಎಂಪಿಯಾಗಿ ಜೊತೆಗೆ ಕೊಡುವ ಆಯ್ಕೆಯನ್ನು ಗುರುತಿಸಿಕೊಳ್ಳಬೇಕು, ಮತ್ತು ಅದಕ್ಕೂ ಮೊದಲು ಮೂಲ ಪ್ರತಿಗಳೆಲ್ಲ ಆ ಕಂಪ್ಯೂಟರಿನಲ್ಲೇ ಇವೆಯೇ, ಜಾಗ ಉಳಿಸಲೆಂದು ಐಕ್ಲೌಡಿಗೆ ಹೋಗಿ ಇಲ್ಲಿ ಚಿಕ್ಕ ಪ್ರತಿಗಳಷ್ಟೇ ಉಳಿದಿವೆಯೇ ಎಂದು ನೋಡಿಕೊಳ್ಳಬೇಕು. ಮನೆಯಲ್ಲೇ ಒಂದು ಚಿಕ್ಕ ಸರ್ವರ್ ನಡೆಸಬಲ್ಲವರಿಗೆ ಇಮ್ಮಿಚ್, ಫೋಟೊಪ್ರಿಸಂ ಎಂಬ ಮುಕ್ತ ತಂತ್ರಾಂಶಗಳಿವೆ. ಇಡೀ ಕುಟುಂಬ ಮೊಬೈಲಿನಲ್ಲಿ ನೋಡಲು ಅವು ಅನುಕೂಲ, ಆದರೆ ಮಾಹಿತಿ ಬರೆಯುವ ಮುಖ್ಯ ಕೆಲಸವನ್ನು ಡಿಜಿಕ್ಯಾಮ್‌ನಂಥದರಲ್ಲಿ ಮುಗಿಸಿ ಅವುಗಳಿಗೆ ತೋರಿಸುವುದು ಮೇಲು.

ಎಲ್ಲವನ್ನೂ ಒಂದೆಡೆ ತರುವುದು

ಹಳೆಯ ಲ್ಯಾಪ್‌ಟಾಪ್, ಪೆನ್ ಡ್ರೈವ್, ಮದುವೆಯ ಫೋಟೊಗ್ರಾಫರ್ ಕೊಟ್ಟ ಡಿವಿಡಿ, ಎಲ್ಲರ ಮೊಬೈಲ್ ಹೀಗೆ ಚದುರಿರುವುದನ್ನು ಮೊದಲು ಒಂದು ದೊಡ್ಡ ಡಿಸ್ಕಿಗೆ ಇದ್ದದ್ದು ಇದ್ದ ಹಾಗೆಯೇ ಸುರಿಯಿರಿ. ಈ ಹಂತದಲ್ಲಿ ಏನನ್ನೂ ಅಳಿಸಬೇಡಿ, ಹೆಸರು ಬದಲಿಸಬೇಡಿ. ಒಂದೊಂದು ಮೂಲಕ್ಕೆ ಒಂದೊಂದು ಫೋಲ್ಡರ್ ಇರಲಿ. ಕ್ಯಾಮೆರಾಗಳು ಕಡತಗಳಿಗೆ ನಾಲ್ಕು ಅಂಕಿಯ ಸಂಖ್ಯೆ ಕೊಟ್ಟು 9999 ಆದ ಮೇಲೆ ಮತ್ತೆ ಮೊದಲಿನಿಂದ ಎಣಿಸುವುದರಿಂದ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿದರೆ ಒಂದೇ ಹೆಸರಿನ ಬೇರೆ ಬೇರೆ ಫೋಟೊಗಳು ಒಂದರ ಮೇಲೊಂದು ಬರೆದುಕೊಳ್ಳುವ ಅಪಾಯವಿದೆ.

ಗೂಗಲ್ ಫೋಟೋಸ್‌ನಲ್ಲಿರುವುದನ್ನು ಹೊರತರಲು ಟೇಕ್‌ಔಟ್ ಎಂಬ ಸೇವೆಯಿದೆ, ಮತ್ತು ಈ ಇಡೀ ಕೆಲಸದಲ್ಲಿ ಜನರನ್ನು ಅತಿ ಹೆಚ್ಚು ಕಾಡುವ ಹಂತ ಇದೇ. ಕೋರಿಕೆ ಸಲ್ಲಿಸಿದ ಮೇಲೆ ಜಿಪ್ ಕಡತಗಳ ಸಾಲು ಸಿಗುತ್ತದೆ. ಗಾತ್ರವನ್ನು ಆರಿಸುವಾಗ ನಿಮ್ಮ ಇಂಟರ್ನೆಟ್ ಆಗಾಗ ಕಡಿಯುವಂಥದ್ದಾದರೆ ಚಿಕ್ಕ ತುಣುಕುಗಳನ್ನೂ, ಗಟ್ಟಿಯಾಗಿದ್ದರೆ 50 ಜಿಬಿಯ ದೊಡ್ಡ ತುಣುಕುಗಳನ್ನೂ ಆರಿಸಿ. ಕೊಂಡಿಗಳು ಕೆಲವೇ ದಿನಗಳಲ್ಲಿ ಅವಧಿ ಮೀರುತ್ತವೆ, ಆದ್ದರಿಂದ ಇಳಿಸಿಕೊಳ್ಳಲು ಬಿಡುವಿರುವ ವಾರದಲ್ಲೇ ಕೋರಿಕೆ ಸಲ್ಲಿಸಿ. ಎಲ್ಲ ತುಣುಕುಗಳನ್ನೂ ಒಂದೇ ಜಾಗಕ್ಕೆ ಬಿಚ್ಚಬೇಕು, ಏಕೆಂದರೆ ಒಂದು ಫೋಟೊ ಒಂದು ಜಿಪ್‌ನಲ್ಲೂ ಅದರ ಮಾಹಿತಿ ಇನ್ನೊಂದರಲ್ಲೂ ಇರಬಹುದು.

ಬಿಚ್ಚಿ ನೋಡಿದಾಗ ಪ್ರತಿ ಫೋಟೊದ ಪಕ್ಕದಲ್ಲಿ ಜೇಸನ್ ಎಂಬ ಬಗೆಯ ಒಂದು ಪಠ್ಯ ಕಡತ ಕಾಣಿಸುತ್ತದೆ. ಕ್ಯಾಮೆರಾ ಬರೆದ ಎಕ್ಸಿಫ್ ಮಾಹಿತಿ ಫೋಟೊದೊಳಗೇ ಇರುತ್ತದೆ. ಆದರೆ ನೀವು ಗೂಗಲ್‌ನಲ್ಲಿ ಕುಳಿತು ತಿದ್ದಿದ ದಿನಾಂಕ, ಬರೆದ ವಿವರಣೆ, ಸೇರಿಸಿದ ಸ್ಥಳ ಇವು ಜೇಸನ್ ಕಡತದಲ್ಲಿ ಮಾತ್ರ ಇರುತ್ತವೆ. ಹೆಚ್ಚಿನ ತಂತ್ರಾಂಶಗಳು ಇದನ್ನು ಓದುವುದೇ ಇಲ್ಲ. ಹಾಗಾಗಿ ಜೇಸನ್ ಕಡತಗಳನ್ನು ಕಸವೆಂದು ಅಳಿಸುವುದು ಈ ಹಂತದಲ್ಲಿ ಆಗುವ ಅತಿ ದುಬಾರಿ ತಪ್ಪು. ಫಿಲ್ ಹಾರ್ವಿ ಎಂಬವರು 2003 ರಿಂದ ಬೆಳೆಸಿಕೊಂಡು ಬಂದಿರುವ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ ಈ ಮಾಹಿತಿಯನ್ನು ಜೇಸನ್‌ನಿಂದ ತೆಗೆದು ಫೋಟೊದೊಳಗೆ ಬರೆಯಬಲ್ಲದು. ಇಮ್ಮಿಚ್ ಬಳಸುವವರಿಗೆ ಇಮ್ಮಿಚ್-ಗೋ ಎಂಬ ಸಾಧನ ಜೇಸನ್ ಓದಿಕೊಂಡೇ ಫೋಟೊಗಳನ್ನು ಒಳತರುತ್ತದೆ. ಉದ್ದ ಹೆಸರಿನ ಕಡತಗಳಲ್ಲಿ ಜೇಸನ್‌ನ ಹೆಸರು ಮೊಟಕಾಗಿ ಜೋಡಿ ತಪ್ಪುವುದುಂಟು, ಆದ್ದರಿಂದ ಕೊನೆಯಲ್ಲಿ ಜೋಡಿ ಸಿಗದೆ ಉಳಿದವುಗಳ ಪಟ್ಟಿಯನ್ನು ಕೈಯಾರೆ ನೋಡಬೇಕು. ಜೇಸನ್‌ನಲ್ಲಿರುವ ಸಮಯ ಗ್ರೀನಿಚ್ ಲೆಕ್ಕದ್ದು. ಭಾರತದ ಸಮಯಕ್ಕೆ ಐದೂವರೆ ಗಂಟೆ ಕೂಡಿಸದಿದ್ದರೆ ಬೆಳಗಿನ ಜಾವದ ಫೋಟೊಗಳು ಹಿಂದಿನ ದಿನಕ್ಕೆ ಸರಿಯುತ್ತವೆ. ಆಲ್ಬಮ್ಮಿನಲ್ಲಿದ್ದ ಫೋಟೊ ವರ್ಷದ ಫೋಲ್ಡರಿನಲ್ಲಿ ಒಮ್ಮೆ, ಆಲ್ಬಂ ಫೋಲ್ಡರಿನಲ್ಲಿ ಇನ್ನೊಮ್ಮೆ ಬಂದಿರುತ್ತದೆ ಎಂಬುದನ್ನೂ ನೆನಪಿಡಿ.

ನಕಲುಗಳನ್ನು ತೆಗೆಯುವುದು ಅಡಿಬರಹಕ್ಕೆ ಮೊದಲು

ಕೆಲಸದ ಅನುಕ್ರಮ ಇಲ್ಲಿ ಬಹಳ ಮುಖ್ಯ. ಎರಡು ಕಡತಗಳು ಅಕ್ಷರಶಃ ಒಂದೇ ಆಗಿದ್ದರೆ ಅವುಗಳ ಚೆಕ್‌ಸಮ್ (ಕಡತದ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಪಡೆಯುವ ಗುರುತು) ಒಂದೇ ಇರುತ್ತದೆ, ಹಾಗಿದ್ದಾಗ ಒಂದನ್ನು ಧೈರ್ಯವಾಗಿ ಅಳಿಸಬಹುದು. ಆದರೆ ಕಡತದೊಳಗೆ ಒಂದಕ್ಷರ ಅಡಿಬರಹ ಬರೆದರೂ ಚೆಕ್‌ಸಮ್ ಬದಲಾಗುತ್ತದೆ. ಆದ್ದರಿಂದ ಖಚಿತ ನಕಲುಗಳನ್ನು ಮೊದಲು ತೆಗೆದು, ಆಮೇಲೆ ಬರೆಯಲು ಕೂರಬೇಕು. ಡುಪ್‌ಗುರು, ಚ್ಕಾವ್ಕಾ ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಹಾಗೆಯೇ, ಕ್ಲೌಡಿಗೆ ಏರಿಸುವುದಿದ್ದರೆ ಬರೆಯುವ ಕೆಲಸವೆಲ್ಲ ಮುಗಿದ ಮೇಲೆ ಏರಿಸಿ; ಇಲ್ಲವಾದರೆ ಬದಲಾದ ಕಡತವನ್ನು ಹೊಸ ಫೋಟೊ ಎಂದು ತಿಳಿದು ಸೇವೆಯು ಮತ್ತೊಂದು ನಕಲನ್ನು ಸೃಷ್ಟಿಸಬಹುದು.

ಒಂದೇ ಅಲ್ಲದ, ಆದರೆ ಒಂದರಂತೆ ಕಾಣುವ ಫೋಟೊಗಳ ವಿಷಯದಲ್ಲಿ ತಂತ್ರಾಂಶದ ತೀರ್ಪನ್ನು ಎಂದೂ ಕಣ್ಣುಮುಚ್ಚಿ ಒಪ್ಪಬಾರದು. ಸಾಲಾಗಿ ನಿಂತ ಬಂಧುಗಳ ಮೂರು ಫೋಟೊಗಳು ಯಂತ್ರಕ್ಕೆ ಒಂದೇ. ಮೂರರಲ್ಲಿ ಒಂದರಲ್ಲಿ ಮಾತ್ರ ದೊಡ್ಡಪ್ಪ ಕಣ್ಣು ತೆರೆದಿದ್ದಾರೆ ಎಂಬುದು ಮನುಷ್ಯರಿಗಷ್ಟೇ ಗೊತ್ತಾಗುವ ಸಂಗತಿ. ವಾಟ್ಸಾಪ್ ಮೂಲಕ ಬಂದ ಪ್ರತಿ ಮತ್ತು ಮೂಲ ಪ್ರತಿ ಎರಡೂ ಇದ್ದರೆ ಮೂಲವನ್ನೇ ಉಳಿಸಿ: ವಾಟ್ಸಾಪ್ ಫೋಟೊವನ್ನು ಕುಗ್ಗಿಸುವುದಲ್ಲದೆ ಎಕ್ಸಿಫ್ ಮಾಹಿತಿಯನ್ನೂ ತೆಗೆದುಹಾಕುತ್ತದೆ. ಇನ್ನು ಮುಂದೆ ಬಂಧುಗಳಿಂದ ಫೋಟೊ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದರೆ ಮೂಲ ಕಡತ ಹಾಗೆಯೇ ಬರುತ್ತದೆ. ಐಫೋನಿನ ಲೈವ್ ಫೋಟೊ ಎಂದರೆ ಒಂದು ಚಿತ್ರ ಮತ್ತು ಅದೇ ಹೆಸರಿನ ಒಂದು ಚಿಕ್ಕ ವಿಡಿಯೊ. ರಾ ಮತ್ತು ಜೆಪೆಗ್ ಜೋಡಿಯೂ ಹೀಗೆಯೇ. ಇವು ನಕಲುಗಳಲ್ಲ.

ಹಬ್ಬದ ಶುಭಾಶಯ, ಮುಂಜಾನೆಯ ಸುವಿಚಾರದ ಚಿತ್ರಗಳು ವಾಟ್ಸಾಪ್ ಫೋಲ್ಡರಿನಲ್ಲಿ ತುಂಬಿಕೊಂಡಿರುತ್ತವೆ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಚಿತ್ರಗಳ ಹೆಸರಿನಲ್ಲಿ ದಿನಾಂಕದ ಬಳಿಕ ಡಬ್ಲ್ಯೂಎ ಎಂಬ ಎರಡಕ್ಷರ ಇರುವುದರಿಂದ ಅವನ್ನು ಹೆಸರಿನಿಂದಲೇ ಪ್ರತ್ಯೇಕಿಸಬಹುದು. ಸಂಕ್ರಾಂತಿ, ಯುಗಾದಿ, ದೀಪಾವಳಿಗಳ ಆಸುಪಾಸಿನ ದಿನಾಂಕಗಳಿಂದ ಆರಂಭಿಸಿದರೆ ಬೇಗ ಹಗುರವಾಗುತ್ತದೆ.

ಫೋಲ್ಡರ್ ಹೆಸರು ಮತ್ತು ಕನ್ನಡ ಅಕ್ಷರ

ಫೋಲ್ಡರುಗಳನ್ನು ವರ್ಷ, ಅದರೊಳಗೆ ತಿಂಗಳು ಮತ್ತು ಸಂದರ್ಭ ಎಂಬ ಕ್ರಮದಲ್ಲಿ ಇಟ್ಟರೆ ಸಾಕು. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಎಂದು 2019-05-12 ರಂತೆ ಬರೆದರೆ ಯಾವ ಕಂಪ್ಯೂಟರಿನಲ್ಲೂ ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಣೆಯಾಗುತ್ತದೆ. ಇದಕ್ಕಿಂತ ಆಳವಾದ ವಿಂಗಡಣೆ ಬೇಡ. ಜನ, ಊರು, ವಿಷಯಗಳಿಗೆ ಟ್ಯಾಗ್ ಇದೆ.

ಕನ್ನಡದಲ್ಲಿ ಬರೆಯುವ ಆಸೆಯಿರುವವರು ಕೆಲವು ತಾಂತ್ರಿಕ ಸಂಗತಿಗಳನ್ನು ಅರಿತಿರಬೇಕು, ಏಕೆಂದರೆ ತಂತ್ರಾಂಶಗಳ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಲಿನಕ್ಸ್ ಕಡತವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿರುವುದರಿಂದ, ಒತ್ತು, ಕಾಗುಣಿತ ಎಲ್ಲ ಬಿಡಿಬಿಡಿಯಾಗಿ ಎಣಿಕೆಗೆ ಸೇರಿ, ಸುಮಾರು 85 ಸಂಕೇತಗಳಿಗೆ ಹೆಸರು ಮುಗಿಯುತ್ತದೆ. ಮ್ಯಾಕ್‌ನ ಹಳೆಯ ಕಡತವ್ಯವಸ್ಥೆಯು ‘ೊ’ ಎಂಬ ಒಂದು ಸಂಕೇತವನ್ನು ‘ೆ’ ಮತ್ತು ‘ೂ’ ಎಂದು ಎರಡಾಗಿ ಒಡೆದು ಇಡುತ್ತಿತ್ತು. ಕಣ್ಣಿಗೆ ಒಂದೇ ತೆರನಾಗಿ ಕಾಣುವ ಎರಡು ಹೆಸರುಗಳು ಕಂಪ್ಯೂಟರಿನ ಪಾಲಿಗೆ ಬೇರೆ ಬೇರೆಯಾಗಿ, ಬ್ಯಾಕಪ್ ಮಾಡುವಾಗ ಎರಡೆರಡು ಫೋಲ್ಡರುಗಳಾಗುವುದು ಈ ಕಾರಣದಿಂದ. ಕೆಲವು ಜಿಪ್ ಸಾಧನಗಳು ಕನ್ನಡದ ಹೆಸರುಗಳನ್ನು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಮಾಡಿಬಿಡುತ್ತವೆ. ಹೀಗಾಗಿ ಫೋಲ್ಡರ್ ಮತ್ತು ಕಡತಗಳ ಹೆಸರಿಗೆ ಅಂಕಿ ಮತ್ತು ರೋಮನ್ ಅಕ್ಷರ, ಅಡಿಬರಹ ಮತ್ತು ಟ್ಯಾಗುಗಳಿಗೆ ನಿಸ್ಸಂಕೋಚವಾಗಿ ಕನ್ನಡ ಎಂಬ ಹಂಚಿಕೆಯೇ ಸರಿಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಡಿಬರಹ ಕೂರಬೇಕಾದ ಜಾಗ ಎಕ್ಸ್‌ಎಂಪಿ. ಎಕ್ಸಿಫ್‌ನ ಬಹುತೇಕ ಪಠ್ಯ ವಿಭಾಗಗಳು ಮೂಲತಃ ಆಸ್ಕಿ ಅಕ್ಷರಗಳಿಗೆ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಮೀಸಲಾಗಿದ್ದವು. 2023 ರ ಎಕ್ಸಿಫ್ 3.0 ಆವೃತ್ತಿಯಲ್ಲಷ್ಟೇ ಯುಟಿಎಫ್-8 ಗೆ ಅಧಿಕೃತ ಜಾಗ ಸಿಕ್ಕಿತು. ಎಕ್ಸ್‌ಎಂಪಿ ಆರಂಭದಿಂದಲೂ ಯೂನಿಕೋಡ್. ಮೊದಲೇ ಹೇಳಿದ ಪರೀಕ್ಷೆಯಲ್ಲಿ ಕನ್ನಡದ ಅಡಿಬರಹವನ್ನು ಸೇರಿಸಿದ್ದು ಇದಕ್ಕಾಗಿಯೇ. ಎರಡು ಸಾವಿರದ ದಶಕದಲ್ಲಿ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ವಿವರಗಳಿದ್ದರೆ ಅವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದ ಬಳಿಕವೇ ಅಂಟಿಸಿ.

ಟ್ಯಾಗುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಲಾಲ್‌ಬಾಗ್’ ಎಂದು ಬರೆಯುವಾಗ ‘ಲ್’ ಮತ್ತು ‘ಬಾ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದಿಲ್ಲದೆ ಬರೆದರೆ ‘ಲಾಲ್ಬಾಗ್’ ಎಂದು ಒತ್ತಕ್ಷರವಾಗುತ್ತದೆ. ಒಂದು ಬಗೆಯಲ್ಲಿ ಟ್ಯಾಗ್ ಮಾಡಿ ಇನ್ನೊಂದು ಬಗೆಯಲ್ಲಿ ಹುಡುಕಿದರೆ ಅನೇಕ ತಂತ್ರಾಂಶಗಳಲ್ಲಿ ಏನೂ ಸಿಗುವುದಿಲ್ಲ. ಆದ್ದರಿಂದ ಪ್ರತಿ ಸಲ ಹೊಸದಾಗಿ ಟೈಪ್ ಮಾಡದೆ, ಟ್ಯಾಗುಗಳ ಪಟ್ಟಿಯಿಂದಲೇ ಆರಿಸಿಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಬೇಕು.

ದಿನಾಂಕಗಳನ್ನು ಸರಿಪಡಿಸುವುದು

ಫೋಟೊದೊಳಗೆ ದಿನಾಂಕ ಇಲ್ಲದಿದ್ದರೆ ಹೆಚ್ಚಿನ ತಂತ್ರಾಂಶಗಳು ಕಡತದ ದಿನಾಂಕವನ್ನೇ ಫೋಟೊದ ದಿನಾಂಕವೆಂದು ತೋರಿಸುತ್ತವೆ. ನಕಲು ಮಾಡಿದ ದಿನ, ಇಳಿಸಿಕೊಂಡ ದಿನ, ಸ್ಕ್ಯಾನ್ ಮಾಡಿದ ದಿನ ಹೀಗೆ ಒಳನುಗ್ಗುತ್ತವೆ. ವಾಟ್ಸಾಪ್ ಚಿತ್ರಗಳಿಗೆ ಹೆಸರಿನಲ್ಲಿರುವ ದಿನಾಂಕವನ್ನು ಎಕ್ಸಿಫ್‌ಟೂಲ್ ಮೂಲಕ ಒಳಗೆ ಬರೆಸಬಹುದು, ಆದರೆ ಅದು ಫೋಟೊ ನಿಮ್ಮ ಕೈಸೇರಿದ ದಿನ. ಯಾರೋ ಕಳಿಸಿದ ನಲವತ್ತು ವರ್ಷ ಹಿಂದಿನ ಶಾಲೆಯ ಗುಂಪುಚಿತ್ರಕ್ಕೆ ಆ ದಿನಾಂಕ ಸಲ್ಲದು.

ಹೊರದೇಶದಿಂದ ಬಂದ ಬಂಧುಗಳ ಕ್ಯಾಮೆರಾ ಇನ್ನೊಂದು ಬಗೆಯ ಗೊಂದಲ ತರುತ್ತದೆ. ಎಕ್ಸಿಫ್‌ನಲ್ಲಿ ಸಮಯವಲಯವನ್ನು ಬರೆಯುವ ಜಾಗವೇ 2016 ರ ಆವೃತ್ತಿಯವರೆಗೆ ಇರಲಿಲ್ಲ, ಮತ್ತು ಮೊಬೈಲ್ ತಾನಾಗಿ ಸ್ಥಳೀಯ ಸಮಯಕ್ಕೆ ಹೊಂದಿಕೊಂಡರೂ ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದ ಬೇಸಿಗೆ ಸಮಯಕ್ಕೆ ಹೊಂದಿಸಿದ ಕ್ಯಾಮೆರಾದಲ್ಲಿ, ಮೇ ತಿಂಗಳ 12 ರ ಬೆಳಗ್ಗೆ 10:30 ಕ್ಕೆ ಮೈಸೂರಿನಲ್ಲಿ ನಡೆದ ಮಾಂಗಲ್ಯಧಾರಣೆಯು 11 ರ ರಾತ್ರಿ 10 ಗಂಟೆಯದೆಂದು ದಾಖಲಾಗುತ್ತದೆ. ಇದನ್ನು ಒಂದೊಂದಾಗಿ ತಿದ್ದಬೇಕಿಲ್ಲ. ಎರಡೂ ಸಾಧನಗಳಲ್ಲಿ ಸೆರೆಯಾದ ಒಂದು ಖಚಿತ ಕ್ಷಣವನ್ನು ಹುಡುಕಿ, ಎರಡರ ಸಮಯದ ವ್ಯತ್ಯಾಸವನ್ನು ಲೆಕ್ಕ ಹಾಕಿ, ಆ ಕ್ಯಾಮೆರಾದ ಮಾದರಿಯ ಹೆಸರಿನಿಂದ ಅದರ ಎಲ್ಲ ಫೋಟೊಗಳನ್ನು ಆರಿಸಿ, ಒಟ್ಟಿಗೆ ಹನ್ನೆರಡೂವರೆ ಗಂಟೆ ಮುಂದೂಡಿ. ಡಿಜಿಕ್ಯಾಮ್, ಲೈಟ್‌ರೂಮ್, ಆಪಲ್ ಫೋಟೋಸ್ ಎಲ್ಲದರಲ್ಲೂ ಈ ಸೌಲಭ್ಯವಿದೆ.

ಹಳೆಯ ಆಲ್ಬಮ್ಮಿನ ಫೋಟೊಗಳನ್ನು ಸ್ಕ್ಯಾನ್ ಮಾಡುವಾಗ 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಇಟ್ಟರೆ ನಾಲ್ಕು ಅಂಗುಲಕ್ಕೆ ಆರು ಅಂಗುಲದ ಪ್ರತಿಯಿಂದ 2400 ಕ್ಕೆ 3600 ಪಿಕ್ಸೆಲಿನ ಚಿತ್ರ ಸಿಗುತ್ತದೆ; ಮನೆಬಳಕೆಗೆ ಇದು ಧಾರಾಳ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದರಿಂದ ಅಂಥ ಊರುಗಳ ಮನೆಗಳು ಈ ಕೆಲಸವನ್ನು ಮುಂದೂಡದಿರುವುದು ಒಳ್ಳೆಯದು. ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ ಅಥವಾ ಕೈಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ವರ್ಷ ಮಾತ್ರ ಗೊತ್ತಿದ್ದಾಗ ಎಕ್ಸಿಫ್ ಪೂರ್ಣ ದಿನಾಂಕವನ್ನೇ ಕೇಳುವುದರಿಂದ, ಆ ವರ್ಷದ ಜನವರಿ 1 ಎಂದು ಬರೆದು, ಜೊತೆಗೆ ‘ದಿನಾಂಕ ಅಂದಾಜು’ ಎಂಬ ಟ್ಯಾಗ್ ಹಾಕಿ. ಆ ಟ್ಯಾಗ್ ಇಲ್ಲದಿದ್ದರೆ ಮುಂದಿನವರು ಜನವರಿ 1 ನ್ನು ನಿಜವೆಂದೇ ತಿಳಿಯುತ್ತಾರೆ.

ಮುಖ ಮತ್ತು ಹೆಸರು

ಮುಖ ಗುರುತಿಸುವ ತಂತ್ರಾಂಶಗಳು ಒಳ್ಳೆಯ ಸಹಾಯಕರು, ಆದರೆ ಅವುಗಳ ಊಹೆಗೆ ಮೊಹರು ಒತ್ತುವವರು ನೀವೇ ಆಗಿರಬೇಕು. ಬಾಸಿಂಗ ಕಟ್ಟಿದ ವಧೂವರರನ್ನು ಅವು ಗುರುತಿಸದೆ ಹೋಗಬಹುದು. ಗೋಡೆಯ ದೇವರ ಪಟ, ದಸರೆಯ ಗೊಂಬೆಗಳನ್ನು ಮನುಷ್ಯರೆಂದು ತಿಳಿದು ಹೆಸರು ಕೇಳಬಹುದು. ಮಗು ಎರಡು ವರ್ಷದ್ದಿರುವಾಗ ಕಲಿತ ಮುಖ ಎಂಟು ವರ್ಷಕ್ಕೆ ಹೊಂದುವುದಿಲ್ಲ, ಒಡಹುಟ್ಟಿದವರ ಎಳೆಯ ಮುಖಗಳು ಒಂದರೊಳಗೊಂದು ಬೆರೆಯುತ್ತವೆ. ಮೊದಲು ಹತ್ತಿಪ್ಪತ್ತು ಸ್ಪಷ್ಟ ಮುಖಗಳಿಗೆ, ಬೇರೆ ಬೇರೆ ವಯಸ್ಸಿನವನ್ನು ಆರಿಸಿ, ಕೈಯಾರೆ ಹೆಸರು ಕೊಟ್ಟು, ಆಮೇಲೆ ಯಂತ್ರವನ್ನು ಊಹಿಸಲು ಬಿಟ್ಟರೆ ತಪ್ಪು ಕಡಿಮೆಯಾಗುತ್ತದೆ. ಬೇಡದ ಮುಖಗಳನ್ನು ಹಾಗೆಯೇ ಬಿಡದೆ, ಕಡೆಗಣಿಸು ಎಂದು ಗುರುತಿಸಿದರೆ ಅವು ಮತ್ತೆ ಮತ್ತೆ ಎದುರಾಗುವುದಿಲ್ಲ.

ಹೆಸರು ಕೊಡುವಾಗ ‘ಅಜ್ಜಿ’, ‘ಸೋದರಮಾವ’, ‘ಚಿಕ್ಕಮ್ಮ’ ಎಂದು ಬರೆಯಬೇಡಿ. ಇಂದು ಬರೆಯುವವರ ಅಜ್ಜಿ ಅವರ ತಾಯಿಗೆ ಅತ್ತೆ, ಅವರ ಮಗಳಿಗೆ ಮುತ್ತಜ್ಜಿ. ಕಂಪ್ಯೂಟರಿನಲ್ಲಿ ಆ ಒಂದು ಪದ ಯಾರನ್ನೂ ಖಚಿತವಾಗಿ ತೋರಿಸುವುದಿಲ್ಲ. ಪೂರ್ಣ ಹೆಸರು, ತವರೂರು ಅಥವಾ ಮನೆತನ, ಗೊತ್ತಿದ್ದರೆ ಹುಟ್ಟಿದ ವರ್ಷ ಇಷ್ಟನ್ನು ಸೇರಿಸಿ ಬರೆಯಿರಿ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿಯಿರುವ ಮನೆಗಳಲ್ಲಿ ಹುಟ್ಟಿದ ವರ್ಷ ಇಲ್ಲದಿದ್ದರೆ ಇಬ್ಬರೂ ಒಂದೇ ಟ್ಯಾಗಿನಡಿ ಸೇರಿಹೋಗುತ್ತಾರೆ. ಮದುವೆಯ ಬಳಿಕ ಹೆಸರು ಬದಲಾದವರಿಗೆ ಎರಡೂ ಹೆಸರುಗಳು ಬೇಕು.

ಇಡೀ ಸಂಗ್ರಹದಲ್ಲಿ ಎಲ್ಲಕ್ಕಿಂತ ತುರ್ತಾದ ಭಾಗ ಹಿರಿಯರಿಗೆ ಮಾತ್ರ ಗೊತ್ತಿರುವ ಹೆಸರುಗಳು. ನಕಲು ತೆಗೆಯುವುದನ್ನೂ ದಿನಾಂಕ ತಿದ್ದುವುದನ್ನೂ ಐದು ವರ್ಷ ಬಿಟ್ಟು ಮಾಡಿದರೂ ನಡೆಯುತ್ತದೆ. 1960ರ ಮದುವೆಯ ಗುಂಪುಚಿತ್ರದಲ್ಲಿ ಹಿಂದಿನ ಸಾಲಿನ ಎಡಗಡೆ ನಿಂತವರು ಯಾರೆಂದು ಹೇಳಬಲ್ಲವರು ಆ ತನಕ ಇರುತ್ತಾರೆಂಬ ಭರವಸೆಯಿಲ್ಲ. ಆದ್ದರಿಂದ ಅನುಕ್ರಮವನ್ನು ಮುರಿದಾದರೂ ಈ ಕೆಲಸವನ್ನು ಮೊದಲು ಮಾಡಿ. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಪ್ರತಿ ಮುಖದ ಮೇಲೆ ಸಂಖ್ಯೆ ಬರೆದು, ಹಿರಿಯರ ಪಕ್ಕ ಕುಳಿತು, ಸಂಖ್ಯೆ ಹೇಳುತ್ತ ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅವರು ಹೆಸರಿನ ಜೊತೆಗೆ ಯಾವ ಊರಿನವರು, ಯಾರ ಮಗಳು, ಆ ದಿನ ಏನಾಯಿತು ಎಂಬುದನ್ನೂ ಹೇಳುತ್ತಾರೆ, ತಡೆಯಬೇಡಿ. ಆಮೇಲೆ ನಿಧಾನವಾಗಿ ಅಡಿಬರಹಕ್ಕೆ ಇಳಿಸಿ, ಧ್ವನಿಯ ಕಡತವನ್ನೂ ಅದೇ ಫೋಲ್ಡರಿನಲ್ಲಿ ಫೋಟೊದ ಹೆಸರಿನಲ್ಲೇ ಇಡಿ.

ನಿಧಾನ, ಕಾಣೆಯಾದ ಕಡತ, ಬ್ಯಾಕಪ್

ತಂತ್ರಾಂಶ ನಿಧಾನವೆಂಬ ದೂರಿಗೆ ಬಹಳ ಸಲ ಕಾರಣ ಡೇಟಾಬೇಸ್ ಇರುವ ಜಾಗ. ಫೋಟೊಗಳು ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿದ್ದರೂ ಡೇಟಾಬೇಸ್ ಮತ್ತು ಚಿಕ್ಕ ಚಿತ್ರಗಳ ಸಂಗ್ರಹ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕಿನಲ್ಲಿರಲಿ. ಡಿಜಿಕ್ಯಾಮ್‌ನಂಥವು ಬಳಸುವ ಎಸ್‌ಕ್ಯುಲೈಟ್ ಬಗೆಯ ಡೇಟಾಬೇಸನ್ನು ನೆಟ್‌ವರ್ಕ್ ಡಿಸ್ಕಿನ ಮೇಲೆ ಇಡಬೇಡಿ, ಅದು ಕೆಡುವ ಸಾಧ್ಯತೆಯಿದೆ. ಮೊದಲ ಸಲ ಸೇರಿಸುವಾಗ ವರ್ಷಕ್ಕೊಂದರಂತೆ ಸೇರಿಸಿ, ಮುಖ ಹುಡುಕುವ ಕೆಲಸವನ್ನು ರಾತ್ರಿಗೆ ಬಿಡಿ. ಫೋಟೊಗಳು ಕಾಣೆಯಾಗಿವೆ ಎಂಬ ಸೂಚನೆ ಬಂದರೆ ಗಾಬರಿ ಬೇಡ: ಹೊರಗಿನ ಡಿಸ್ಕಿಗೆ ವಿಂಡೋಸ್ ಬೇರೆ ಡ್ರೈವ್ ಅಕ್ಷರ ಕೊಟ್ಟಿರಬಹುದು, ಇಲ್ಲವೆ ಯಾರೋ ಫೋಲ್ಡರನ್ನು ತಂತ್ರಾಂಶದ ಹೊರಗಿನಿಂದ ಸರಿಸಿರಬಹುದು. ಡಿಸ್ಕಿಗೆ ಶಾಶ್ವತ ಅಕ್ಷರವೊಂದನ್ನು ನಿಗದಿಪಡಿಸಿ, ಇನ್ನು ಮುಂದೆ ಸರಿಸುವುದು, ಹೆಸರು ಬದಲಿಸುವುದೆಲ್ಲವನ್ನೂ ತಂತ್ರಾಂಶದ ಒಳಗಿನಿಂದಲೇ ಮಾಡಿ. ಆಗ ಸೈಡ್‌ಕಾರ್ ಕೂಡ ಜೊತೆಗೇ ಹೋಗುತ್ತದೆ.

ಬ್ಯಾಕಪ್ ವಿಷಯದಲ್ಲಿ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚುರಪಡಿಸಿದ 3-2-1 ನಿಯಮ ಸಾಕು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಸಿಂಕ್, ಅಂದರೆ ಎಲ್ಲ ಸಾಧನಗಳನ್ನೂ ಒಂದೇ ಸ್ಥಿತಿಯಲ್ಲಿಡುವುದು, ಬ್ಯಾಕಪ್ ಅಲ್ಲ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದ್ದು ಎಲ್ಲ ಸಾಧನಗಳಿಂದಲೂ ಹೋಗುತ್ತದೆ, ಬ್ಯಾಕಪ್ ಆಗಿದ್ದ ಫೋಟೊ ಕಸದ ಬುಟ್ಟಿಯಲ್ಲಿ ಉಳಿಯುವುದು 60 ದಿನ. ಜಾಗದ ಲೆಕ್ಕ ಹೆದರಿಸುವಂಥದ್ದಲ್ಲ: ಸರಾಸರಿ 4 ಎಂಬಿಯ 50,000 ಫೋಟೊಗಳಿಗೆ 200 ಜಿಬಿ ಸಾಕು, ಹೆಚ್ಚು ಜಾಗ ತಿನ್ನುವುದು ವಿಡಿಯೊ. ಬರೆಯುವ ಕೆಲಸ ಮುಗಿದ ವರ್ಷಗಳ ಫೋಲ್ಡರುಗಳಿಗೆ ಚೆಕ್‌ಸಮ್‌ಗಳ ಪಟ್ಟಿಯೊಂದನ್ನು ಮಾಡಿ ಪ್ರತಿಗಳ ಜೊತೆಗೆ ಇಟ್ಟರೆ, ವರ್ಷಕ್ಕೊಮ್ಮೆ ಹೋಲಿಸಿ ಯಾವ ಕಡತ ಕೆಟ್ಟಿದೆಯೆಂದು ತಿಳಿಯಬಹುದು. ಕೆಟ್ಟದ್ದನ್ನು ಒಳ್ಳೆಯ ಪ್ರತಿಯಿಂದ ತುಂಬಿಕೊಳ್ಳಬಹುದು. ಪಟ್ಟಿ ಮಾಡಿದ ಬಳಿಕ ಆ ಫೋಲ್ಡರಿನಲ್ಲಿ ಅಡಿಬರಹ ತಿದ್ದಿದರೆ ಪಟ್ಟಿಯನ್ನೂ ಹೊಸದಾಗಿ ಮಾಡಬೇಕು. ಬೇರೆ ಮನೆಯಲ್ಲಿಟ್ಟ ಡಿಸ್ಕಿನ ಜೊತೆ, ಫೋಲ್ಡರುಗಳ ಕ್ರಮ, ಟ್ಯಾಗುಗಳ ರೀತಿ ಮತ್ತು ಹೆಸರುಗಳು ಎಕ್ಸ್‌ಎಂಪಿಯಲ್ಲಿವೆ ಎಂಬ ಮಾಹಿತಿಯನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಇಡಿ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದರೆ ಅದು ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಲಿ.